ಕಮ್ಯುನಿಯನ್, ಕಮ್ಯುನಿಟಿ, ಇಮ್ಯುನಿಟಿ: ಕೊಡುಕೊಳ್ಳುವಿಕೆಯ ಒಂದು ಹಳೆಯ ಬೇರು



ನಾವು ಒಂದು ವಾರದಲ್ಲಿ ಬಳಸುವ ಇಂಗ್ಲಿಷ್ ಪದಗಳಲ್ಲಿ ಕೆಲವನ್ನು ಒಂದು ಕಾಗದದ ಮೇಲೆ ಬರೆದು ನೋಡೋಣ. ಗಣಿತದ ತರಗತಿಯಲ್ಲಿ ಪರ್ಮ್ಯುಟೇಷನ್. ಭೌತಶಾಸ್ತ್ರದ ಲ್ಯಾಬಿನಲ್ಲಿ ಕಮ್ಯುಟೇಟರ್. ಜೀವಶಾಸ್ತ್ರದಲ್ಲಿ ಮ್ಯುಟೇಷನ್. ಟಿ.ವಿ. ಜಾಹೀರಾತಿನಲ್ಲಿ ಮ್ಯೂಚುವಲ್ ಫಂಡ್. ಮನೆ ತೆರಿಗೆ ಕಟ್ಟಲು ಮುನಿಸಿಪಾಲಿಟಿ. ಲಸಿಕೆ ಹಾಕಿಸಿಕೊಂಡರೆ ಇಮ್ಯುನಿಟಿ. ಮದುವೆಗೆ ಕಮ್ಯುನಿಟಿ ಹಾಲ್. ಭಾನುವಾರ ದೇವಾಲಯದಲ್ಲಿ ಹೋಲಿ ಕಮ್ಯುನಿಯನ್.

ಇವೆಲ್ಲ ಬೇರೆ ಬೇರೆ ಲೋಕದ ಪದಗಳಂತೆ ಕಾಣುತ್ತವೆ. ಆದರೆ ಇವು ಒಂದೇ ಕುಟುಂಬದವು. ಇವೆಲ್ಲವೂ ಇಂಗ್ಲಿಷಿಗೆ ಬಂದದ್ದು ಲ್ಯಾಟಿನ್ ಭಾಷೆಯಿಂದ. ಲ್ಯಾಟಿನ್ನಿನಲ್ಲಿ ಇವುಗಳ ಹಿಂದಿರುವ ಬೇರಿನ ಅರ್ಥ ಒಂದೇ: ಕೊಟ್ಟು ತೆಗೆದುಕೊಳ್ಳುವುದು, ಬದಲಾಯಿಸಿಕೊಳ್ಳುವುದು, ಅಂದರೆ ವಿನಿಮಯ. ಈ ಬೇರಿನ ಚರಿತ್ರೆಯನ್ನು ಹುಡುಕುತ್ತಾ ಹೋದರೆ "ನಾವು ಒಂದು ಕಮ್ಯುನಿಟಿ" ಎಂದು ಸುಲಭವಾಗಿ ಹೇಳುವ ಮಾತಿನ ಭಾರ ಎಷ್ಟು ಎಂಬುದು ಗೊತ್ತಾಗುತ್ತದೆ.

ಬೇರು ನಮ್ಮ ಭಾಷೆಯಲ್ಲೂ ಇದೆ

ಮೊದಲು ಒಂದು ಆಶ್ಚರ್ಯದ ಸಂಗತಿ. "ವಿನಿಮಯ" ಎಂಬ ನಮ್ಮ ಪದವೂ ಇದೇ ಬೇರಿನದು.

ಯೂರೋಪಿನ ಮತ್ತು ಭಾರತದ ಹಲವು ಭಾಷೆಗಳು ಒಂದೇ ಮೂಲದಿಂದ ಬಂದವು ಎಂಬುದನ್ನು ಇಂದು ಎಲ್ಲ ಭಾಷಾವಿಜ್ಞಾನಿಗಳೂ ಒಪ್ಪುತ್ತಾರೆ. ಇದನ್ನು ಪ್ರಸಿದ್ಧಗೊಳಿಸಿದವರು ಸರ್ ವಿಲಿಯಂ ಜೋನ್ಸ್, 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಭಾಷಣದಲ್ಲಿ. ಆದರೆ ಅವರಿಗಿಂತ ಮುಂಚೆಯೇ ನಮ್ಮ ದೇಶದಲ್ಲಿ ಕೆಲಸ ಮಾಡಿದ ಇಬ್ಬರು ಯೇಸುಸಭೆಯ ಗುರುಗಳು ಈ ಹೋಲಿಕೆಯನ್ನು ಗಮನಿಸಿದ್ದರು. ಗೋವೆಯಲ್ಲಿದ್ದ ಇಂಗ್ಲೆಂಡಿನ ಥಾಮಸ್ ಸ್ಟೀಫನ್ಸ್ 1583ರಲ್ಲಿ ತಮ್ಮ ಸಹೋದರನಿಗೆ ಬರೆದ ಪತ್ರದಲ್ಲಿ ಇಲ್ಲಿನ ಭಾಷೆಗಳ ರಚನೆ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಹೋಲುತ್ತದೆ ಎಂದು ತಿಳಿಸಿದರು. ತೆಲುಗು ನಾಡಿನಲ್ಲಿ ದುಡಿದ ಫ್ರೆಂಚ್ ಗುರು ಕೂರ್ಡು 1767ರಲ್ಲಿ ಸಂಸ್ಕೃತ ಮತ್ತು ಲ್ಯಾಟಿನ್ ಪದಗಳನ್ನು ಅಕ್ಕಪಕ್ಕ ಇಟ್ಟು ಪ್ಯಾರಿಸ್ಸಿನ ವಿದ್ವಾಂಸರಿಗೆ ಬರೆದು ಕಳುಹಿಸಿದರು. ಅದು ಅಚ್ಚಾದದ್ದು ಮಾತ್ರ 1808ರಲ್ಲಿ, ಅವರು ತೀರಿಕೊಂಡ ಮೇಲೆ.

ಆ ಹಳೆಯ ಮೂಲಭಾಷೆಯಲ್ಲಿ "ಮೆಯ್" ಎಂಬ ಧಾತು ಇತ್ತು, ಅದರ ಅರ್ಥ ಬದಲಾಯಿಸಿಕೊಳ್ಳುವುದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಸಂಸ್ಕೃತದಲ್ಲಿ ಅದು "ಮಯತೇ" ಆಯಿತು. ವಿನಿಮಯದಲ್ಲಿರುವ "ಮಯ" ಅಲ್ಲಿಂದ ಬಂದದ್ದು. ಅದೇ ಬಳ್ಳಿಯಲ್ಲಿ "ಮಿಥುನ" ಇದೆ, ಅಂದರೆ ಒಬ್ಬರಿಗೊಬ್ಬರು ಜೊತೆಯಾದ ಜೋಡಿ. "ಮಿಥ್ಯ"ವೂ ಇದೆ, ಅಂದರೆ ತಿರುವುಮುರುವಾದದ್ದು, ಆದ್ದರಿಂದ ಸುಳ್ಳು. ಕನ್ನಡ ದ್ರಾವಿಡ ಭಾಷೆಯಾದರೂ ಸಂಸ್ಕೃತದಿಂದ ಈ ಪದಗಳನ್ನು ಪಡೆದಿದೆ. ಹಾಗಾಗಿ ಕಮ್ಯುನಿಯನ್ ಎಂಬ ಪದದ ದೂರದ ನೆಂಟರು ನಮ್ಮ ಮನೆಯಲ್ಲೇ ಇದ್ದಾರೆ.

ಲ್ಯಾಟಿನ್ನಿನಲ್ಲಿ ಈ ಬೇರು ಎರಡು ದೊಡ್ಡ ಕೊಂಬೆಗಳಾಗಿ ಬೆಳೆಯಿತು. ಒಂದು "ಮೂತಾರೆ", ಅಂದರೆ ಬದಲಾಯಿಸು. ಇನ್ನೊಂದು "ಮೂನುಸ್", ಅಂದರೆ ಕೊಡುಗೆ ಮತ್ತು ಕರ್ತವ್ಯ.

ಮೊದಲ ಕೊಂಬೆ: ಬದಲಾಯಿಸು

ಮೂತಾರೆಯಿಂದ ಬಂದ ಪದಗಳನ್ನು ವಿಜ್ಞಾನ ಓದಿದವರು ಚೆನ್ನಾಗಿ ಬಲ್ಲರು. ಹಾಲೆಂಡಿನ ಹ್ಯೂಗೋ ಡಿ ವ್ರೀಸ್ ಈವ್ನಿಂಗ್ ಪ್ರಿಮ್ರೋಸ್ ಗಿಡಗಳಲ್ಲಿ ಹಠಾತ್ತಾಗಿ ಹೊಸ ಗುಣಗಳು ಕಾಣಿಸಿಕೊಳ್ಳುವುದನ್ನು ನೋಡಿ 1901ರಲ್ಲಿ ತಮ್ಮ ಮ್ಯುಟೇಷನ್ ಸಿದ್ಧಾಂತವನ್ನು ಪ್ರಕಟಿಸಲು ತೊಡಗಿದರು. ಗಡಿಯಾಚೆ ಕರ್ನಾಟಕದಲ್ಲಿ ಜಮೀನು ಅಪ್ಪನ ಹೆಸರಿನಿಂದ ಮಗಳ ಹೆಸರಿಗೆ ಬದಲಾದರೆ ಕಂದಾಯ ಇಲಾಖೆಯವರು ಅದನ್ನೂ ಮ್ಯುಟೇಷನ್ ಎನ್ನುತ್ತಾರೆ. ಜೀವಕೋಶವಾಗಲಿ ಪಹಣಿಯಾಗಲಿ, ಒಂದರ ಜಾಗಕ್ಕೆ ಇನ್ನೊಂದು ಬಂದಿತು ಎಂಬುದೇ ಅರ್ಥ.

"ಕೊಮ್" ಸೇರಿದರೆ "ಕೊಮ್ಮೂತಾರೆ", ಅಂದರೆ ಪೂರ್ತಿಯಾಗಿ ಅದಲುಬದಲು ಮಾಡುವುದು. ಡಿ.ಸಿ. ಮೋಟಾರಿನಲ್ಲಿ ಸುರುಳಿ ಅರ್ಧ ಸುತ್ತು ತಿರುಗಿದಾಗಲೆಲ್ಲ ವಿದ್ಯುತ್ತಿನ ದಿಕ್ಕನ್ನು ಅದಲುಬದಲು ಮಾಡುವ ಉಂಗುರವೇ ಕಮ್ಯುಟೇಟರ್. ಅದಿಲ್ಲದಿದ್ದರೆ ಸುರುಳಿ ಸ್ವಲ್ಪ ಅಲುಗಾಡಿ ನಿಂತುಬಿಡುತ್ತದೆ. ಪ್ಯಾರಿಸ್ಸಿನ ಇಪ್ಪೊಲಿತ್ ಪಿಕ್ಸಿ 1832ರಲ್ಲಿ ಆಂಪಿಯರ್ ಅವರ ಸಲಹೆಯಂತೆ ತಮ್ಮ ವಿದ್ಯುತ್ ಯಂತ್ರಕ್ಕೆ ಇದನ್ನು ಜೋಡಿಸಿದ್ದರು. ಗಣಿತದಲ್ಲಿ ಎರಡಕ್ಕೆ ಮೂರು ಕೂಡಿದರೂ ಮೂರಕ್ಕೆ ಎರಡು ಕೂಡಿದರೂ ಐದೇ. ಇದಕ್ಕೆ ಕಮ್ಯುಟೇಟಿವ್ ಎಂಬ ಹೆಸರನ್ನು ಬಳಸಿದವರು ಫ್ರಾನ್ಸಿನ ಸೆರ್ವ್ವಾ, 1814ರಲ್ಲಿ.

ನಮ್ಮ ಸಂವಿಧಾನದ 72ನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳು ಮರಣದಂಡನೆಯನ್ನು ಜೀವಾವಧಿ ಶಿಕ್ಷೆಗೆ ಬದಲಾಯಿಸಬಹುದು. ಅಲ್ಲಿ ಬಳಸುವ ಪದ ಕಮ್ಯೂಟ್. ಒಂದು ಶಿಕ್ಷೆಯನ್ನು ಕೊಟ್ಟು ಇನ್ನೊಂದು ಹಗುರವಾದ ಶಿಕ್ಷೆಯನ್ನು ತೆಗೆದುಕೊಳ್ಳುವುದು.

ಹಾಗಾದರೆ ನಮ್ಮ ಹೊಸೂರಿನಿಂದ ಬೆಳಿಗ್ಗೆ ಎದ್ದು ಅತ್ತಿಬೆಲೆ ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರನ್ನು ಕಮ್ಯೂಟರ್ ಎನ್ನುವುದೇಕೆ? ಇದರಲ್ಲೂ ಒಂದು ವಿನಿಮಯ ಇದೆ. 19ನೇ ಶತಮಾನದ ನಡುವಿನಲ್ಲಿ ಅಮೆರಿಕದ ರೈಲು ಕಂಪನಿಗಳು ದಿನಾ ಪಟ್ಟಣಕ್ಕೆ ಹೋಗಿ ಬರುವವರಿಗೆ ಬಿಡಿ ಬಿಡಿ ಟಿಕೆಟುಗಳ ಬದಲು ಒಂದೇ ಮೊತ್ತಕ್ಕೆ ಕಡಿಮೆ ದರದ ಕಮ್ಯುಟೇಷನ್ ಟಿಕೆಟ್ ಕೊಡತೊಡಗಿದವು. ನಮ್ಮ ಸೀಸನ್ ಪಾಸಿನ ಹಾಗೆ. ಆ ಟಿಕೆಟ್ ಇಟ್ಟುಕೊಂಡವರೇ ಕಮ್ಯೂಟರ್‌ಗಳಾದರು. ಪ್ರಯಾಣದ ಅರ್ಥ ಆಮೇಲೆ ಅಂಟಿಕೊಂಡಿತು.

ಮ್ಯೂಚುವಲ್ ಎಂಬ ಪದವೂ ಈ ಕೊಂಬೆಯದೇ. ರೋಮನ್ ಕಾನೂನಿನಲ್ಲಿ "ಮೂತುವುಮ್" ಎಂಬ ಒಂದು ಬಗೆಯ ಸಾಲ ಇತ್ತು. ಧಾನ್ಯ, ಎಣ್ಣೆ, ದ್ರಾಕ್ಷಾರಸ, ನಾಣ್ಯ ಇಂಥ ಖರ್ಚಾಗಿ ಹೋಗುವ ವಸ್ತುಗಳನ್ನು ಕೊಡುವುದು, ಅಷ್ಟೇ ಪ್ರಮಾಣದ ಅದೇ ಗುಣದ ವಸ್ತುವನ್ನು ಹಿಂದಕ್ಕೆ ಪಡೆಯುವುದು. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದು ಸಂಬಳವಾದ ಮೇಲೆ ಒಂದು ಲೋಟ ಸಕ್ಕರೆ ಕೊಡುವ ಹಾಗೆ. ಈ ಸಾಲಕ್ಕೆ ತಾನಾಗಿ ಬಡ್ಡಿ ಇರಲಿಲ್ಲ. ಬಡ್ಡಿ ಬೇಕೆಂದರೆ ಬೇರೆಯೇ ಒಪ್ಪಂದ ಮಾಡಿಕೊಳ್ಳಬೇಕಿತ್ತು. ಸಂತ ಜೆರೋಮರು ದಾಮಸುಸ್ ಜಗದ್ಗುರುಗಳ ಕೋರಿಕೆಯಂತೆ 382ರಲ್ಲಿ ಲ್ಯಾಟಿನ್ ಶುಭಸಂದೇಶಗಳನ್ನು ತಿದ್ದಲು ಕೂತರು. ಆ ಲ್ಯಾಟಿನ್ ಪಾಠದಲ್ಲಿ ಲೂಕನ ಆರನೆಯ ಅಧ್ಯಾಯದ ಜಾಗವೊಂದರಲ್ಲಿ ಇದೇ ಪದ ಇದೆ. ಹಿಂದಿರುಗಿ ಬರುವುದೆಂಬ ನಿರೀಕ್ಷೆ ಇಲ್ಲದೆ ಸಾಲ ಕೊಡಿ ಎಂದು ಯೇಸುಸ್ವಾಮಿ ಹೇಳುವ ಜಾಗ ಅದು. ಸರಿಸಮ ವಾಪಸಾತಿಯೇ ಅರ್ಥವಾಗಿದ್ದ ಪದವನ್ನು ವಾಪಸಾತಿ ಕೇಳದ ಪ್ರೀತಿಯ ಪಕ್ಕದಲ್ಲಿ ಇಟ್ಟದ್ದನ್ನು ಗಮನಿಸಿ.

ನಮ್ಮ ದೇಶದಲ್ಲಿ ಈ ಪದ ಒಂದು ಅನ್ಯಾಯದ ವಿರುದ್ಧವೂ ನಿಂತಿತು. 19ನೇ ಶತಮಾನದಲ್ಲಿ ಇಲ್ಲಿದ್ದ ಯೂರೋಪಿಯನ್ ವಿಮಾ ಕಂಪನಿಗಳು ಭಾರತೀಯರ ಜೀವಕ್ಕೆ ಹೆಚ್ಚಿನ ಪ್ರೀಮಿಯಂ ಕೇಳುತ್ತಿದ್ದವು. 1870ರಲ್ಲಿ ಹುಟ್ಟಿದ ಬಾಂಬೆ ಮ್ಯೂಚುವಲ್ ಲೈಫ್ ಅಶ್ಯೂರೆನ್ಸ್ ಸೊಸೈಟಿ ಭಾರತೀಯರಿಗೂ ಸಾಮಾನ್ಯ ದರದಲ್ಲೇ ವಿಮೆ ಕೊಟ್ಟಿತು. ಎಲ್ಲರ ಜೀವಕ್ಕೂ ಒಂದೇ ಬೆಲೆ ಎಂದಾಗಲೇ ಮ್ಯೂಚುವಲ್ ಎಂಬ ಮಾತಿಗೆ ಅರ್ಥ.

ಇಲ್ಲಿ ಒಂದು ಎಚ್ಚರಿಕೆ. ಕೇಳಲು ಒಂದೇ ಥರ ಇದ್ದರೆ ನೆಂಟರೆಂದು ತಿಳಿಯಬಾರದು. ಮೊಬೈಲಿನ ಮ್ಯೂಟ್ ಬಟನ್ನಿಗೂ ಈ ಬೇರಿಗೂ ಸಂಬಂಧವಿಲ್ಲ, ಅದು ಮೂಕ ಎಂಬರ್ಥದ ಬೇರೆ ಪದ. 1857ರ ದಂಗೆಯನ್ನು ಬ್ರಿಟಿಷರು ಮ್ಯೂಟಿನಿ ಎಂದರು, ಅದು ಚಲಿಸು ಎಂಬರ್ಥದ ಪದದಿಂದ ಬಂದದ್ದು. ಕಾಮರ್ಸ್ ಎಂಬುದು ಸರಕು ಎಂಬ ಪದದಿಂದ ಬಂತು.

ಎರಡನೆಯ ಕೊಂಬೆ: ಕೊಡುಗೆಯೂ ಹೌದು, ಹೊರೆಯೂ ಹೌದು

ಈಗ ಮೂನುಸ್ ಕಡೆಗೆ ಬರೋಣ. ಈ ಪದಕ್ಕೆ ಲ್ಯಾಟಿನ್ ನಿಘಂಟಿನಲ್ಲಿ ಉಡುಗೊರೆ, ಸೇವೆ, ಕರ್ತವ್ಯ, ಹೊರೆ ಎಂಬ ಅರ್ಥಗಳೆಲ್ಲ ಇವೆ. ಉಡುಗೊರೆ ಎಂದರೆ ಸಂತೋಷ, ಹೊರೆ ಎಂದರೆ ಕಷ್ಟ, ಎರಡೂ ಒಂದೇ ಪದ ಹೇಗಾಯಿತು ಎಂದು ಪುಸ್ತಕ ಓದುವವರಿಗೆ ಅನ್ನಿಸಬಹುದು. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ "ಮುಯ್ಯಿ" ಇದೆ.

ಮದುವೆಯಲ್ಲಿ ನೆಂಟರು ಮುಯ್ಯಿ ಮಾಡುತ್ತಾರೆ. ಒಬ್ಬರು ಮೇಜಿನ ಬಳಿ ಕೂತು ಯಾರು ಎಷ್ಟು ಕೊಟ್ಟರು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಕೊಟ್ಟದ್ದು ಉಡುಗೊರೆ, ಆದರೆ ಅವರ ಮನೆಯಲ್ಲಿ ಮದುವೆಯಾದಾಗ ನಾವು ಕೊಡಲೇಬೇಕು. ತಮಿಳು ನೆರೆಯವರಲ್ಲಿ ಇದೇ "ಮೊಯ್". ಹೊಲದಲ್ಲಿ ಇವತ್ತು ನಿಮ್ಮ ರಾಗಿ ಕಳೆ ತೆಗೆಯಲು ನಾನು ಬರುತ್ತೇನೆ, ನಾಳೆ ನನ್ನದಕ್ಕೆ ನೀವು ಬನ್ನಿ ಎನ್ನುವ ಪದ್ಧತಿಗೆ ಮುಯ್ಯಾಳು ಎಂದು ಹೆಸರು. ಮೂನುಸ್, ಮುಯ್ಯಿ ಎರಡೂ ಕಿವಿಗೆ ಹತ್ತಿರವಾಗಿ ಕೇಳಿದರೂ ಭಾಷಾಸಂಬಂಧವಿಲ್ಲ. ಮುಯ್ಯಿ ನಮ್ಮ ದ್ರಾವಿಡ ಪದ. ಆದರೆ ಭಾವನೆ ಒಂದೇ: ಕೊಡುಗೆ ಕಟ್ಟಿಹಾಕುತ್ತದೆ, ಕಟ್ಟಿಹಾಕಿದ್ದರಿಂದಲೇ ಸಂಬಂಧ ಉಳಿಯುತ್ತದೆ. ಮುಯ್ಯಿ ತೀರಿಸುವುದು ಎಂದರೆ ಸೇಡು ತೀರಿಸುವುದು ಎಂದೂ ಅರ್ಥ ಇದೆ. ಕೊಡುಕೊಳ್ಳುವಿಕೆ ಕೆಟ್ಟರೆ ಏನಾಗುತ್ತದೆ ಎಂಬುದನ್ನೂ ಆ ಪದವೇ ಹೇಳುತ್ತದೆ.

ಮೂನುಸ್ ಕೂಡ ಹೀಗೆ ಕೆಟ್ಟ ದಾರಿ ಹಿಡಿದದ್ದಿದೆ. ಕ್ರಿ.ಪೂ. 264ರಲ್ಲಿ ರೋಮಿನಲ್ಲಿ ಜೂನಿಯಸ್ ಬ್ರೂಟಸ್ ಪೇರಾ ಎಂಬವರು ಸತ್ತಾಗ ಅವರ ಮಕ್ಕಳು ತಂದೆಯ ಗೌರವಕ್ಕಾಗಿ ಕತ್ತಿಮಲ್ಲರ ಕಾದಾಟ ಏರ್ಪಡಿಸಿದರು. ಅದು ಸತ್ತವರಿಗೆ ಸಲ್ಲಿಸಿದ ಮೂನುಸ್ ಎನಿಸಿಕೊಂಡಿತು. ಕಾಲ ಕಳೆದಂತೆ ಅದೇ ಜನರ ಮೆಚ್ಚುಗೆ ಗಳಿಸುವ ರಾಜಕೀಯದ ಉಪಾಯವಾಯಿತು. ಜೂಲಿಯಸ್ ಸೀಸರ್ 320 ಜೋಡಿ ಕತ್ತಿಮಲ್ಲರನ್ನು ಕಣಕ್ಕಿಳಿಸಿದರು ಎಂದು ಪ್ಲೂಟಾರ್ಕ್ ಬರೆಯುತ್ತಾರೆ. ಕೊಡುಗೆ ಎಂಬ ಹೆಸರಿನಲ್ಲಿ ಸಾವಿರಾರು ಜನ ಸತ್ತರು.

ಒಳ್ಳೆಯ ದಾರಿಯಲ್ಲೂ ಈ ಪದ ನಡೆಯಿತು. ಊರಿನ ಹೊಣೆಯಲ್ಲಿ ಪಾಲು ಹೊರುವವರು, ಅಂದರೆ ಮೂನುಸ್ಸನ್ನು ಕೈಗೆತ್ತಿಕೊಂಡವರು ಇರುವ ಪಟ್ಟಣಕ್ಕೆ "ಮೂನಿಕಿಪಿಯುಮ್" ಎಂದು ಹೆಸರು. ಕ್ರಿ.ಪೂ. 338ರಲ್ಲಿ ತನ್ನ ನೆರೆಯ ಲ್ಯಾಟಿನ್ ಪಟ್ಟಣಗಳನ್ನು ಸೋಲಿಸಿದ ರೋಮ್ ಅವುಗಳಲ್ಲಿ ಹಲವನ್ನು ಈ ರೀತಿ ತನ್ನೊಳಗೆ ಸೇರಿಸಿಕೊಂಡಿತು. ನಮ್ಮ ಮುನಿಸಿಪಾಲಿಟಿ ಅಲ್ಲಿಂದ ಬಂದದ್ದು. ನಲ್ಲಿಯಲ್ಲಿ ನೀರು ಬರಲಿಲ್ಲವೆಂದು ಬೈಯುವಾಗ ನೆನಪಿರಲಿ, ಪದದ ಪ್ರಕಾರ ಮುನಿಸಿಪಾಲಿಟಿ ಎಂದರೆ ಹೊಣೆ ಹೊತ್ತ ನಾಗರಿಕರು, ಕಚೇರಿಯ ಕಟ್ಟಡವಲ್ಲ. ಕೊಡುಗೆಗೆ ಪ್ರತಿಯಾಗಿ ಕೊಡುವುದು ರೆಮ್ಯುನರೇಷನ್, ನಾವು ಸಂಭಾವನೆ ಎನ್ನುವುದು.

"ಕೊಮ್" ಎಂದರೆ ಜೊತೆಗೆ. ಮೂನುಸ್ಸನ್ನು ಜೊತೆಯಾಗಿ ಹೊತ್ತದ್ದು "ಕೊಮ್ಮೂನಿಸ್". ಅಲ್ಲಿಂದ ಕಾಮನ್, ಕಮ್ಯುನಿಟಿ, ಕಮ್ಯುನಿಯನ್, ಕಮ್ಯುನಿಕೇಷನ್. ಒಬ್ಬನಲ್ಲಿದ್ದದ್ದನ್ನು ಎಲ್ಲರದಾಗಿ ಮಾಡುವುದೇ ಕಮ್ಯುನಿಕೇಷನ್. ಜರ್ಮನ್ ಭಾಷೆಯಲ್ಲಿ ಇದೇ ಬೇರಿನ ಒಡಹುಟ್ಟು "ಗೆಮೈಂಡೆ", ಅಂದರೆ ಸಭೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಮ್ಮ ಭಾಷೆಯಲ್ಲಿ ಕ್ರೈಸ್ತ ಸಭೆಯನ್ನು ಕರೆಯುತ್ತಿದ್ದದ್ದು ಈ ಪದದಿಂದಲೇ. ಇಂಗ್ಲಿಷಿನಲ್ಲಿ ಅದೇ ಒಡಹುಟ್ಟು "ಮೀನ್" ಎಂಬ ಗುಣವಾಚಕವಾಯಿತು. ಮೊದಲು ಅದರ ಅರ್ಥ ಎಲ್ಲರಿಗೂ ಸೇರಿದ್ದು ಎಂದಿತ್ತು. ಆಮೇಲೆ ಸಾಧಾರಣ, ಆಮೇಲೆ ಕೀಳು, ಕೊನೆಗೆ ಜಿಪುಣ ಎಂದಾಯಿತು. ಎಲ್ಲರಿಗೂ ಸೇರಿದ್ದನ್ನು ಜನ ಹೇಗೆ ಕೀಳಾಗಿ ನೋಡುತ್ತಾ ಬಂದರು ಎಂಬುದಕ್ಕೆ ಈ ಒಂದು ಪದ ಸಾಕು.

ಹೊರೆ ಇಲ್ಲದವರು

ಕೊಮ್ಮೂನಿಸ್ ಪದಕ್ಕೆ ವಿರುದ್ಧ ಪದ "ಇಮ್ಮೂನಿಸ್". ಮೂನುಸ್ ಇಲ್ಲದವನು, ಊರಿನ ಹೊರೆಯಿಂದ ವಿನಾಯಿತಿ ಪಡೆದವನು. ಇಮ್ಯುನಿಟಿ ಎಂಬ ಪದ ಮೊದಲು ಕಾನೂನಿನದು. ರೋಗಕ್ಕೆ ಸಂಬಂಧಿಸಿದ ಅರ್ಥ 19ನೇ ಶತಮಾನದ ಕೊನೆಯ ಭಾಗದಲ್ಲಿ ರೂಢಿಗೆ ಬಂತು.

ಈ ವಿನಾಯಿತಿಯ ಕಥೆ ಧರ್ಮಸಭೆಗೂ ತಟ್ಟಿತು. ರೋಮನ್ ಸಾಮ್ರಾಜ್ಯದ ಪ್ರತಿ ಪಟ್ಟಣದಲ್ಲೂ ಅನುಕೂಲಸ್ಥರ ಒಂದು ನಗರಮಂಡಳಿ ಇರುತ್ತಿತ್ತು. ತೆರಿಗೆ ವಸೂಲು ಮಾಡುವುದು, ಕಡಿಮೆ ಬಿದ್ದರೆ ಸ್ವಂತ ಕೈಯಿಂದ ತುಂಬುವುದು, ರಸ್ತೆ ಮತ್ತು ಸ್ನಾನಗೃಹಗಳನ್ನು ನೋಡಿಕೊಳ್ಳುವುದು ಅವರ ಮೂನುಸ್. 313ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಆಫ್ರಿಕ ಪ್ರಾಂತ್ಯದ ಅಧಿಕಾರಿ ಅನುಲಿನಸ್ಸಿಗೆ ಪತ್ರ ಬರೆದು ಕ್ರೈಸ್ತ ಗುರುಗಳಿಗೆ ಈ ಹೊರೆಗಳಿಂದ ವಿನಾಯಿತಿ ಕೊಡಬೇಕೆಂದರು. ಅವರು ದೇವರ ಸೇವೆಯಲ್ಲಿ ಅಡ್ಡಿಯಿಲ್ಲದೆ ತೊಡಗಲಿ ಎಂಬುದು ಉದ್ದೇಶ. ಹತ್ತು ವರ್ಷಗಳ ಹಿಂದಷ್ಟೇ ಹಿಂಸೆಗೆ ಗುರಿಯಾಗಿದ್ದ ಸಭೆಗೆ ಇದು ದೊಡ್ಡ ಗೌರವ.

ಆದರೆ ಏನಾಯಿತು? ಹೊರೆ ತಪ್ಪಿಸಿಕೊಳ್ಳಲು ಬಯಸಿದ ಅನುಕೂಲಸ್ಥರು ಗುರುಗಳಾಗಲು ಮುಂದೆ ಬಂದರು. ಕೆಲವೇ ವರ್ಷಗಳಲ್ಲಿ, 320ರ ದಶಕದಲ್ಲಿ, ಅದೇ ಚಕ್ರವರ್ತಿ ಕಾನೂನು ತಂದು ನಗರಮಂಡಳಿಯ ಕುಟುಂಬದವರು ಮತ್ತು ಶ್ರೀಮಂತರು ಈ ಉದ್ದೇಶಕ್ಕೆ ಗುರುಪಟ್ಟ ಸೇರುವುದನ್ನು ತಡೆಯಬೇಕಾಯಿತು. ಕ್ರಿಸ್ತರ ಹೆಸರಿನಲ್ಲಿ ಒಂದು ಕಮ್ಯುನಿಟಿ ಕಟ್ಟಲು ಕೊಟ್ಟ ಸೌಲಭ್ಯವನ್ನು ಕೆಲವರು ಇಮ್ಯುನಿಟಿಗಾಗಿ ಹುಡುಕಿಕೊಂಡು ಬಂದಿದ್ದರು. ಹೆಸರಿಗೆ ಒಳಗಿರುವುದು, ಹೊರೆಗೆ ಹೊರಗಿರುವುದು. ಈ ಆಸೆ ನಾಲ್ಕನೆಯ ಶತಮಾನದೊಂದಿಗೆ ಮುಗಿದುಹೋಯಿತು ಎಂದು ನಾನು ಹೇಳಲಾರೆ.

ಅನ್ಯೋನ್ಯತೆ

ಹೊಸ ಒಡಂಬಡಿಕೆ ಬರೆದದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿ ಬರುವ "ಕೊಯಿನೋನಿಯ" ಎಂಬ ಪದಕ್ಕೆ ಲ್ಯಾಟಿನ್ ಕ್ರೈಸ್ತರು ಕೊಮ್ಮೂನಿಸ್ ಕುಟುಂಬದ ಪದಗಳನ್ನೇ ಆರಿಸಿಕೊಂಡರು. ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಅಧ್ಯಾಯದಲ್ಲಿ ಮೊದಲ ಕ್ರೈಸ್ತರ ಬದುಕಿನ ಗುರುತುಗಳಲ್ಲಿ ಇದೂ ಒಂದು. ಅದರ ನಂತರದ ವಾಕ್ಯಗಳಲ್ಲೇ ಅವರು ಆಸ್ತಿಪಾಸ್ತಿ ಮಾರಿ ಅವರವರ ಅಗತ್ಯದಂತೆ ಹಂಚಿಕೊಂಡ ಮಾತಿದೆ.

ಸಂತ ಪೌಲರು ಈ ಪದವನ್ನು ರೊಟ್ಟಿ ಮತ್ತು ಪಾತ್ರೆಗೂ ಬಳಸುತ್ತಾರೆ, ಜೆರುಸಲೇಮಿನ ಬಡವರಿಗಾಗಿ ಎತ್ತಿದ ಕಾಣಿಕೆಗೂ ಬಳಸುತ್ತಾರೆ. ರೋಮನರಿಗೆ ಬರೆದ ಪತ್ರದ ಹದಿನೈದನೆಯ ಅಧ್ಯಾಯದಲ್ಲಿ ಅವರ ವಾದ ನೋಡಿ: ಜೆರುಸಲೇಮಿನವರ ಆತ್ಮಿಕ ಸಂಪತ್ತಿನಲ್ಲಿ ಇತರ ಜನಾಂಗದವರು ಪಾಲು ಪಡೆದಿದ್ದಾರೆ, ಆದ್ದರಿಂದ ತಮ್ಮ ಲೌಕಿಕ ಸಂಪತ್ತಿನಿಂದ ಅವರಿಗೆ ನೆರವಾಗುವ ಋಣ ಇವರ ಮೇಲಿದೆ. ಇದು ಶುದ್ಧ ವಿನಿಮಯ. ಅದೇ ಪೌಲರು ಕೊರಿಂಥದವರನ್ನು ಗದರಿಸಿದ್ದೂ ಇದಕ್ಕೇ. ಅಲ್ಲಿ ಪ್ರಭುವಿನ ಭೋಜನಕ್ಕೆ ಸೇರಿದಾಗ ಕೆಲವರು ಮೊದಲೇ ಹೊಟ್ಟೆತುಂಬ ಉಂಡು ಕುಡಿಯುತ್ತಿದ್ದರು, ಏನೂ ಇಲ್ಲದವರು ಹಸಿದಿರುತ್ತಿದ್ದರು. ಒಂದೇ ಕೋಣೆಯಲ್ಲಿ ಕೂತರೂ ಅದು ಕಮ್ಯುನಿಯನ್ ಆಗಲಿಲ್ಲ.

ಕನ್ನಡ ಬೈಬಲಿನ ಹಳೆಯ ಅನುವಾದಕರು ಕೊಯಿನೋನಿಯಕ್ಕೆ ಆರಿಸಿಕೊಂಡ ಪದ "ಅನ್ಯೋನ್ಯತೆ". ಗಂಡಹೆಂಡತಿ ಅನ್ಯೋನ್ಯವಾಗಿದ್ದಾರೆ ಎನ್ನುವಾಗ ಬಳಸುವ ಪದ. ಬಿಡಿಸಿದರೆ ಅನ್ಯ ಮತ್ತು ಅನ್ಯ: ಇವನಿಗೆ ಅವನು, ಅವನಿಗೆ ಇವನು. ಅವರು ಲ್ಯಾಟಿನ್ ಬೇರನ್ನು ಮನಸ್ಸಿನಲ್ಲಿಟ್ಟುಕೊಂಡರೋ ಇಲ್ಲವೋ, ವಿನಿಮಯದ ಅರ್ಥವನ್ನು ಮಾತ್ರ ಕನ್ನಡದಲ್ಲಿ ಸರಿಯಾಗಿ ಹಿಡಿದರು.

ಇಮ್ಯುನಿಟಿಯೂ ಕೊಡುಗೆಯಾಗಬಹುದು

ಕ್ರಿ.ಶ. 252ರ ಸುಮಾರಿಗೆ ಉತ್ತರ ಆಫ್ರಿಕದ ಕಾರ್ಥೇಜಿಗೆ ಭೀಕರ ಸಾಂಕ್ರಾಮಿಕ ಬಂತು. ಹೆದರಿದ ಜನ ರೋಗಿಗಳನ್ನು ಬಿಟ್ಟು ಓಡಿದರು. ಅಲ್ಲಿನ ಧರ್ಮಾಧ್ಯಕ್ಷರಾದ ಸಂತ ಸಿಪ್ರಿಯಾನರು ತಮ್ಮ ಜನರನ್ನು ಸೇರಿಸಿ, ನಮ್ಮವರನ್ನು ಮಾತ್ರ ನೋಡಿಕೊಂಡರೆ ಅದರಲ್ಲಿ ದೊಡ್ಡದೇನಿದೆ ಎಂಬರ್ಥದಲ್ಲಿ ಬೋಧಿಸಿದರೆಂದು ಅವರ ಜೀವನ ಬರೆದ ಪೊಂತಿಯುಸ್ ಹೇಳುತ್ತಾರೆ. ಹಣವಿದ್ದವರು ಹಣ ಕೊಟ್ಟರು, ಇಲ್ಲದವರು ದುಡಿಮೆ ಕೊಟ್ಟರು. ಕ್ರೈಸ್ತರನ್ನು ದ್ವೇಷಿಸುತ್ತಿದ್ದವರಿಗೂ ಆರೈಕೆ ಸಿಕ್ಕಿತು. ಸಿಪ್ರಿಯಾನರನ್ನು 258ರಲ್ಲಿ ಅದೇ ಊರಿನ ಬಳಿ ಶಿರಚ್ಛೇದ ಮಾಡಲಾಯಿತು.

ಲಸಿಕೆಯ ಚರಿತ್ರೆಯಲ್ಲೂ ಇದೇ ಪಾಠ ಇದೆ. ಎಡ್ವರ್ಡ್ ಜೆನ್ನರ್ 1796ರ ಮೇ 14ರಂದು ಎಂಟು ವರ್ಷದ ಹುಡುಗನಿಗೆ ಗೋಸಿಡುಬಿನ ಲಸಿಕೆ ಹಾಕಿದರು. ಆಗ ಫ್ರಿಜ್ಜು ಇರಲಿಲ್ಲ. ಲಸಿಕೆ ದೂರ ಹೋಗಬೇಕಾದರೆ ಒಬ್ಬರ ತೋಳಿನ ಗುಳ್ಳೆಯಿಂದ ದ್ರವ ತೆಗೆದು ಇನ್ನೊಬ್ಬರ ತೋಳಿಗೆ ಹಾಕುವುದೇ ಮುಖ್ಯ ದಾರಿಯಾಗಿತ್ತು. ಹಾಗೆ ಬಂದ ಲಸಿಕೆಯನ್ನು ಭಾರತದಲ್ಲಿ ಮೊದಲು ಪಡೆದದ್ದು 1802ರ ಜೂನ್ 14ರಂದು ಬೊಂಬಾಯಿಯ ಮೂರು ವರ್ಷದ ಹೆಣ್ಣುಮಗು ಆ್ಯನಾ ಡಸ್ಟ್‌ಹಾಲ್. ಅವಳ ತೋಳಿನಿಂದ ಇತರ ಮಕ್ಕಳಿಗೆ, ಅವರಿಂದ ಬೇರೆ ಊರುಗಳಿಗೆ ಅದು ಹೋಯಿತು. ಒಬ್ಬರಿಂದ ಒಬ್ಬರಿಗೆ ಕೊಟ್ಟ ಕೊಡುಗೆಯೇ ಅದು. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ ಸಿಡುಬು ಲೋಕದಿಂದಲೇ ಹೋಯಿತೆಂದು ಘೋಷಿಸಿತು.

ಇಂದಿಗೂ ಲೆಕ್ಕ ಹಾಗೇ ಇದೆ. ದಡಾರ ಹರಡದಂತೆ ತಡೆಯಲು ಸುಮಾರು ಶೇ. 95ರಷ್ಟು ಜನರಿಗೆ ಲಸಿಕೆ ಆಗಿರಬೇಕು. ನಮ್ಮ ದೇಶದಲ್ಲಿ ದಡಾರದ ಮೊದಲ ಲಸಿಕೆ ಒಂಬತ್ತು ತಿಂಗಳು ತುಂಬಿದ ಮೇಲೆ. ಅದಕ್ಕಿಂತ ಚಿಕ್ಕ ಮಗುವಿಗೆ ರಕ್ಷಣೆ ಹೆಚ್ಚಾಗಿ ಸುತ್ತಲಿನವರಿಂದಲೇ ಸಿಗಬೇಕು. ಹೊರೆ ಇಲ್ಲದಿರುವುದು ಎಂಬ ಅರ್ಥದಲ್ಲಿ ಹುಟ್ಟಿದ ಪದ ವೈದ್ಯಶಾಸ್ತ್ರಕ್ಕೆ ಬಂದ ಮೇಲೆ ಇನ್ನೊಬ್ಬರ ಹೊರೆ ಹೊರುವ ಪದವಾಯಿತು.

ನಮ್ಮ ಮಟ್ಟಿಗೆ

ಹೊಸೂರಿನ ನಮ್ಮಂಥ ಧರ್ಮಕೇಂದ್ರಗಳಲ್ಲಿ ಇದು ಬರೀ ಪದಗಳ ವಿಷಯವಲ್ಲ. ನಮ್ಮ ಯುವಜನರಲ್ಲಿ ಬಹಳ ಮಂದಿ ಕಮ್ಯೂಟರ್‌ಗಳು. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಮನೆ. ಭಾನುವಾರ ಒಂದೇ ರಜೆ. ಗಾಯನವೃಂದಕ್ಕೆ ಜನ ಸಾಲುವುದಿಲ್ಲ, ಕನ್ನಡದಲ್ಲಿ ವಾಚನ ಓದಲು ಬರುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಹಾಸಿಗೆ ಹಿಡಿದ ಹಿರಿಯರನ್ನು ನೋಡಲು ಹೋಗುವವರು ಅದೇ ನಾಲ್ಕು ಜನ. "ನಾನು ಪೂಜೆಗೆ ಬರುತ್ತೇನಲ್ಲ, ಸಾಕು" ಎಂಬ ಮಾತು ಕೇಳುತ್ತಿರುತ್ತೇವೆ. ಆಯಾಸ ನಿಜ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಪದದ ಲೆಕ್ಕದಲ್ಲಿ ಹೇಳುವುದಾದರೆ ಬಂದು ಹೋಗುವವರು ಎಷ್ಟೇ ಇದ್ದರೂ ಅದು ಕಮ್ಯುನಿಟಿ ಆಗುವುದಿಲ್ಲ. ಒಂದೊಂದು ಮೂನುಸ್, ಒಂದೊಂದು ಮುಯ್ಯಿ ಹೊತ್ತಾಗ ಆಗುತ್ತದೆ.

ಅದು ದೊಡ್ಡದಾಗಿರಬೇಕಿಲ್ಲ. ತಿಂಗಳಿಗೆ ಒಂದು ಭಾನುವಾರ ಒಬ್ಬ ಅಜ್ಜಿಯ ಮನೆಗೆ ಹೋಗಿ ಕೂತು ಮಾತಾಡುವುದು. ಹತ್ತನೇ ತರಗತಿಯ ಒಬ್ಬ ಹುಡುಗನಿಗೆ ವಿಜ್ಞಾನ ಹೇಳಿಕೊಡುವುದು. ತಂಗಿಗೆ ಕನ್ನಡ ಅಕ್ಷರ ಕಲಿಸುವುದು. ಅಜ್ಜಿ ನಮಗೆ ಹಳೆಯ ಕೀರ್ತನೆ ಕಲಿಸಬಹುದು, ಹುಡುಗ ನಮ್ಮ ಮೊಬೈಲ್ ಸರಿಮಾಡಿಕೊಡಬಹುದು. ಕೊಟ್ಟವರು ಮಾತ್ರ ದೊಡ್ಡವರು, ಪಡೆದವರು ಚಿಕ್ಕವರು ಎಂಬುದು ಈ ಬೇರಿಗೆ ಗೊತ್ತಿಲ್ಲ.

ಮುಂದಿನ ಸಲ ಪರಮಪ್ರಸಾದದ ಸಾಲಿನಲ್ಲಿ ನಿಂತಾಗ ಮುಂದೆ ನಿಂತವರನ್ನೂ ಹಿಂದೆ ನಿಂತವರನ್ನೂ ಒಮ್ಮೆ ನೋಡಿ. ಅವರಲ್ಲಿ ಒಬ್ಬರ ಹೆಸರು ಗೊತ್ತಿಲ್ಲದಿದ್ದರೆ ಪೂಜೆ ಮುಗಿದ ಮೇಲೆ ಹೊರಗೆ ನಿಂತು ಕೇಳಿ. ಅಲ್ಲಿಂದ ಶುರುವಾಗಲಿ.

ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಆಶೀರ್ವದಿಸಲಿ.